ಏಟು ತಿನ್ನುವವನ ಕೆಲಸ

(ಬಾಗಲಕೋಟೆಯ ನವನಗರದಲ್ಲಿ ಕಾಲೇಜು ವಿದ್ಯಾರ್ಥಿಗಳ ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಕರೆಂಟು ಹೋದ ಹತ್ತು ನಿಮಿಷ ತಾನಾಗಿಯೇ ಬಿಟ್ಟುಹೋಗಿದೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ಸಾಹಸ ದೃಶ್ಯಗಳ ತಜ್ಞ ಎಂದರು. ಅದನ್ನು ಮೊದಲು ತಿದ್ದುತ್ತೇನೆ. ನಾನು ಇಪ್ಪತ್ತೆರಡು ವರ್ಷ ಮದುವೆಯ ವಿಡಿಯೊ ತೆಗೆದು ಹೊಟ್ಟೆ ಹೊರೆದವನು. ನೂರಾರು ಜನ ಅಡ್ಡ ನಿಂತಿರುವಾಗ ಅಕ್ಷತೆ ಬೀಳುವ ಗಳಿಗೆಯನ್ನು ತಪ್ಪಿಸದೆ ಹಿಡಿದದ್ದೇ ನನ್ನ ಸಾಹಸ. ಆದರೆ ಹೊಡೆದಾಟ ನೋಡಿದ್ದು ಬಹಳ. ಊಟದ ಪಂಕ್ತಿಯಲ್ಲಿ ಬೀಗರು ಬೀಗರು ಕೈ ಮಿಲಾಯಿಸಿದ್ದನ್ನು ಹತ್ತಿರದಿಂದ ನೋಡಿದ್ದೇನೆ, ಕ್ಯಾಮೆರಾ ಆರಿಸುವುದನ್ನು ಮರೆತು ಅದನ್ನು ಚಿತ್ರೀಕರಿಸಿಯೂ ಇದ್ದೇನೆ. ಆ ತುಣುಕನ್ನು ಅಳಿಸಲು ಎರಡೂ ಕಡೆಯವರು ಬಂದು ಕೇಳಿಕೊಂಡರು. ಆ ಮದುವೆಯಲ್ಲಿ ಎರಡೂ ಕಡೆಯವರು ಒಪ್ಪಿದ ಮಾತು ಅದೊಂದೇ. ಇನ್ನು ನಾನು ಬೆಳೆದ ಮನೆಯ ಗೋಡೆಗೆ ತಾಗಿ ಒಂದು ಗರಡಿ ಇತ್ತು. ಬೆಳಗಿನ ನಾಲ್ಕೂವರೆಗೆ ದೇಹಗಳು ಮಣ್ಣಿಗೆ ಬೀಳುವ ದಪ್ ದಪ್ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು.

ಇವತ್ತು ಹೇಳಲು ಹೊರಟಿರುವುದು ಒಂದು ನಿಮಿಷ ನಲವತ್ತು ಸೆಕೆಂಡಿನ ಹೊಡೆದಾಟದ ವಿಷಯ. ಹೋದ ವರ್ಷ ಎಂಟು ಜನ ವಿದ್ಯಾರ್ಥಿಗಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹದಿನಾಲ್ಕು ನಿಮಿಷದ ಸಿನಿಮಾ ಮಾಡಿದರು. ನಾನು ಅವರಿಗೆ ಲೈಟು, ಟ್ರೈಪಾಡ್ ಬಾಡಿಗೆಗೆ ಕೊಡಲು ಹೋದವನು, ಹಾಗೆಯೇ ಸಿಕ್ಕಿಹಾಕಿಕೊಂಡೆ. ಬಾಡಿಗೆ ಇನ್ನೂ ಬಂದಿಲ್ಲ. ಅವರಲ್ಲಿ ಮೂವರು ಇಲ್ಲಿ ಮೂರನೆಯ ಸಾಲಿನಲ್ಲೇ ಕುಳಿತು ತಲೆ ತಗ್ಗಿಸಿದ್ದಾರೆ.

ಕಥೆ ನಮ್ಮ ಊರಿನದೇ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯ ದಾರಿ ಹಿಡಿದು ಬಾಗಲಕೋಟೆಯ ಬಾಗಿಲಿಗೆ ಬಂದದ್ದು, ಹಳೆಯ ಊರಿನ ಓಣಿಗಳು ಮುಳುಗಿದ್ದು, ನಾವು ಈಗ ಕುಳಿತಿರುವ ಈ ನವನಗರ ಹುಟ್ಟಿದ್ದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಲಾಶಯ 519.60 ಮೀಟರಿಗೆ ತುಂಬಿತು ಎಂಬ ಸುದ್ದಿ ಬೇರೆ ಊರಿನವರಿಗೆ ಸಂತೋಷದ ಸುದ್ದಿ. ನಮ್ಮಲ್ಲಿ ಆ ಅಂಕಿಯನ್ನು ಕೇಳಿದೊಡನೆ ಯಾವ ಹೊಲ ಒಳಗೆ, ಯಾವ ಹೊಲ ಹೊರಗೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಪರಿಹಾರದ ಹಣ ಬಂದ ಮನೆಗಳಲ್ಲಿ ಅದರ ಹಿಂದೆಯೇ ಜಗಳವೂ ಬಂದಿತು. ಹುಡುಗರು ಬರೆದದ್ದು ಅದನ್ನೇ: ತಾಯಿಯ ಸಹಿ ಹಾಕಿಸಿಕೊಂಡು ಅಣ್ಣ ಹಣ ತೆಗೆದುಕೊಂಡಿದ್ದಾನೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಲ ಮತ್ತೆ ಮೇಲೆ ಬರುತ್ತದೆ. ಈಗ ಸರ್ಕಾರದ್ದಾಗಿರುವ ಆ ಹೊಲದಲ್ಲಿ, ಇಲ್ಲದ ಬದುವನ್ನು ಹುಡುಕುತ್ತ ಅಣ್ಣತಮ್ಮ ಇಬ್ಬರೂ ಹೊಡೆದಾಡುತ್ತಾರೆ.

ಕಥೆ ಕೇಳಿ ನನಗೆ ಮೈ ಜುಮ್ಮೆಂದಿತು. ಆಮೇಲೆ ಹೊಡೆದಾಟವನ್ನು ಬರೆದಿದ್ದ ಹಾಳೆ ಓದಿದೆ. ತಮ್ಮ ಗಾಳಿಯಲ್ಲಿ ಎರಡು ಸುತ್ತು ತಿರುಗಿ ಒದೆಯುತ್ತಾನೆ. ಅಣ್ಣ ಹತ್ತು ಅಡಿ ಹಾರಿ ಬೀಳುತ್ತಾನೆ. ಅಣ್ಣನ ಕಡೆಯ ಆರು ಜನ ಒಬ್ಬೊಬ್ಬರಾಗಿ ಬಂದು ಒದೆ ತಿಂದು ಹೋಗುತ್ತಾರೆ. ನಾನು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಈ ಅಣ್ಣತಮ್ಮಂದಿರು ಒಕ್ಕಲುತನ ಮಾಡುವವರೋ, ಸರ್ಕಸ್ಸಿನವರೋ?"

ಜಾಗದ ವಿಷಯದಲ್ಲೂ ಮೊದಲು ಎಡವಿದರು. ಬಾದಾಮಿಯ ಕೆಂಪು ಬಂಡೆ, ಅಗಸ್ತ್ಯತೀರ್ಥದ ದಂಡೆ ಚೆನ್ನಾಗಿ ಕಾಣುತ್ತದೆಂದು ಯಾರಿಗೂ ಹೇಳದೆ ಕೇಳದೆ ಕ್ಯಾಮೆರಾ ಕಟ್ಟಿಕೊಂಡು ಹೋದರು. ಸಂರಕ್ಷಿತ ಸ್ಮಾರಕದಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಕಾವಲಿನವರು ಹಿಂದಕ್ಕೆ ಕಳುಹಿಸಿದರು, ಸರಿಯಾಗಿಯೇ ಮಾಡಿದರು. ಹಿಂದಿರುಗುವ ದಾರಿಯಲ್ಲಿ ಕೋತಿಯೊಂದು ಇವರ ಅವಲಕ್ಕಿಯ ಚೀಲವನ್ನೂ ಕಸಿದುಕೊಂಡಿತು. ಅದು ಆಗಿದ್ದೇ ಒಳ್ಳೆಯದು. ಬಾದಾಮಿಯ ಬಂಡೆಗೂ ಮುಳುಗಿದ ಹೊಲದ ಜಗಳಕ್ಕೂ ಏನು ಸಂಬಂಧ?

ಕೊನೆಗೆ ಮಾರ್ಚ್ ತಿಂಗಳ ಕೊನೆಯಲ್ಲಿ, ಹಿನ್ನೀರು ಇಳಿದ ಎರೆನೆಲಕ್ಕೇ ಬಂದೆವು. ದೃಷ್ಟಿ ಹೋದಷ್ಟು ದೂರ ಕಪ್ಪು, ದೂರದಲ್ಲಿ ನೀರಿನ ಬೆಳ್ಳಿಯ ಗೆರೆ, ಅಲ್ಲೊಂದು ಇಲ್ಲೊಂದು ಒಣಗಿದ ಜಾಲಿಯ ಬೊಡ್ಡೆ. ನೋಡಲು ಅದ್ಭುತ. ಕಾಲಿಡಲು ಶತ್ರು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮಾರ್ಚಿನ ಹೊತ್ತಿಗೆ ಆ ಬಿರುಕುಗಳಲ್ಲಿ ಇಡೀ ಪಾದ ಇಳಿಯುತ್ತದೆ. ನಾವು ಹೊಡೆದಾಡುವ ಇಬ್ಬರ ಕಾಲನ್ನೇ ಕಾಯುತ್ತ ನಿಂತಿದ್ದೆವು. ಬಿದ್ದವನು ಕ್ಯಾಮೆರಾ ಹಿಡಿದವನು. ಅವರನ್ನು ನೋಡುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದವನ ಹಿಮ್ಮಡಿ ಬಿರುಕಿಗೆ ಇಳಿಯಿತು, ಕಾಲು ಹೊರಳಿತು. ಕ್ಯಾಮೆರಾವನ್ನು ಮಾತ್ರ ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡೇ ಬಿದ್ದ, ಎರವಲು ತಂದದ್ದಲ್ಲವೇ! ಮೊದಲ ದಿನದ ಕೆಲಸ ಬೆಳಗಿನ ಒಂಬತ್ತೂ ಕಾಲಿಗೇ ಮುಗಿಯಿತು. ಹಿಂದಕ್ಕೆ ನಡೆಯುವ ಕ್ಯಾಮೆರಾದವನ ಸೊಂಟದ ಬೆಲ್ಟನ್ನು ಇನ್ನೊಬ್ಬ ಹಿಡಿದು ನಡೆಸಬೇಕೆಂಬುದು ಮದುವೆ ಮೆರವಣಿಗೆಯಲ್ಲಿ ನಾನೇ ನೂರು ಸಲ ಮಾಡಿಸಿದ ಕೆಲಸ. ಅಂದು ಹೇಳಲು ಮರೆತೆ. ಆ ತಪ್ಪು ನನ್ನದೇ.

ಅಂದೇ ಇನ್ನೊಂದು ಘಟನೆಯೂ ನಡೆಯಿತು. ಕಾಲು ಹೊರಳುವ ಮೊದಲು ನಡೆದಿದ್ದ ತಾಲೀಮನ್ನು ದೂರದ ಹೊಲದಲ್ಲಿದ್ದ ಯಾರೋ ನೋಡಿದ್ದಾರೆ. ಇಬ್ಬರು ಅಂಗಿ ಹಿಡಿದು ಎಳೆದಾಡುತ್ತಿದ್ದಾರೆ, ಆರು ಜನ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಾರೆ. ಇಂದಿನ ಕಾಲದಲ್ಲಿ ನಿಜವಾದ ಜಗಳವೂ ಹೀಗೆಯೇ ಕಾಣುತ್ತದೆ ತಾನೇ? ಅವರು 112ಕ್ಕೆ ಫೋನು ಮಾಡಿದರು. ವಾಹನ ಬಂದಾಗ ಒಬ್ಬ ಹುಡುಗ ನೆಲದ ಮೇಲೆ ಕಾಲು ಹಿಡಿದುಕೊಂಡು ನರಳುತ್ತಿದ್ದಾನೆ, ಇನ್ನೊಬ್ಬನ ಬಾಯಿಯಿಂದ ರಕ್ತ ಸುರಿಯುತ್ತಿದೆ. ಅದು ಬೆಲ್ಲದ ಪಾಕ ಎಂದು ತಿಳಿಹೇಳಲು ಹುಡುಗ ಅದನ್ನು ನೆಕ್ಕಿ ತೋರಿಸಬೇಕಾಯಿತು.

ಅಂದು ಬಂದಿದ್ದ ಹಿರಿಯ ಪೇದೆಯೊಬ್ಬರು ಬೈಯಲಿಲ್ಲ. ಹತ್ತಿರದ ಠಾಣೆಗೆ ಮೊದಲೇ ಒಂದು ಪತ್ರ ಕೊಟ್ಟಿರಬೇಕು, ಸುತ್ತಲಿನ ಹೊಲದವರಿಗೂ ಹೇಳಿರಬೇಕು ಎಂದರು. ಆಮೇಲೆ ಲಾಠಿಯನ್ನು ಕಂಕುಳಲ್ಲಿ ಇರುಕಿಕೊಂಡು, "ಎಲ್ಲಿ, ಒಮ್ಮೆ ಮಾಡಿ ತೋರಿಸಿ" ಎಂದರು. ಹುಡುಗರು ಮಾಡಿದರು. ನೋಡಿ ತಲೆ ಅಲ್ಲಾಡಿಸಿದರು. "ಇಪ್ಪತ್ತೆಂಟು ವರ್ಷದಿಂದ ಜಗಳ ಬಿಡಿಸಿದ್ದೇನೆ. ಯಾವ ಜಗಳದಲ್ಲೂ ರೇಷನ್ ಅಂಗಡಿಯಂತೆ ಸರದಿಯಲ್ಲಿ ಬಂದು ಹೊಡೆಸಿಕೊಳ್ಳುವುದನ್ನು ಕಂಡಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಂತೂ ಹೊಡೆತ ಕಡಿಮೆ, ಹಿಡಿದುಕೊಳ್ಳುವುದೇ ಹೆಚ್ಚು. ಅಂಗಿ ಹರಿಯುತ್ತದೆ, ಉಸಿರು ಹತ್ತುತ್ತದೆ, ಇಬ್ಬರೂ ಬೀಳುತ್ತಾರೆ. ಎರಡು ನಿಮಿಷದ ಮೇಲೆ ಯಾರಲ್ಲೂ ಶಕ್ತಿ ಇರುವುದಿಲ್ಲ." ಆರು ಜನ ಗೂಂಡಾಗಳು ಅಂದೇ ಚಿತ್ರಕಥೆಯಿಂದ ಹೊರಬಿದ್ದರು.

ಮುಂದೆ ಎರಡು ವಾರ ಚಿತ್ರೀಕರಣ ನಿಲ್ಲಿಸಿ, ಅಣ್ಣ ಮತ್ತು ತಮ್ಮನ ಪಾತ್ರದ ಇಬ್ಬರನ್ನೂ ನಮ್ಮ ಪಕ್ಕದ ಗರಡಿಗೆ ಕರೆದುಕೊಂಡು ಹೋದೆ. ವಸ್ತಾದರಿಗೆ ಈಗ ಎಪ್ಪತ್ತು ದಾಟಿದೆ. ಹೊಡೆಯುವುದನ್ನು ಕಲಿಸಿ ಎಂದು ಹುಡುಗರು ಕೇಳಿದರು. ಅವರು ಒಂದು ವಾರ ಬೀಳುವುದನ್ನು ಮಾತ್ರ ಕಲಿಸಿದರು. ಎಣ್ಣೆ, ಮಜ್ಜಿಗೆ, ಅರಿಸಿನ ಕುಡಿಸಿ ಹದ ಮಾಡಿದ ಕೆಮ್ಮಣ್ಣು. ಅದರ ಮೇಲೆ ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಬಿಲ್ಲು ಮಾಡಿ, ಭುಜದಿಂದ ಸೊಂಟದವರೆಗೆ ಉರುಳುತ್ತ ಬೀಳಬೇಕು. ಅಂಗೈ ಊರಿ ಬೀಳಬಾರದು, ಮಣಿಕಟ್ಟು ಹೋಗುತ್ತದೆ. ಬೀಳುವಾಗ ಉಸಿರನ್ನು ಬಿಡಬೇಕು, ಹಿಡಿದಿಟ್ಟರೆ ಪೆಟ್ಟು ಒಳಗೆ ಹೋಗುತ್ತದೆ. ಎಂಟನೆಯ ದಿನ ತಮ್ಮನ ಪಾತ್ರದ ಹುಡುಗ ಸಹನೆ ಕಳೆದುಕೊಂಡು, "ಅಜ್ಜಾರೆ, ಹೊಡೆಯುವುದು ಯಾವಾಗ?" ಎಂದ. ಅವರು ಹೇಳಿದ್ದನ್ನು ನಾನು ಅಲ್ಲೇ ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ: "ಹೊಡೆಯುವುದನ್ನು ಯಾರಾದರೂ ಮಾಡುತ್ತಾರೆ. ನೋಡುವವರು ನಂಬುವುದು ತಿಂದವನನ್ನು ನೋಡಿ."

ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ. ಉಳಿದದ್ದೆಲ್ಲ ಅದರ ವಿವರ. ನಂಬಿಕೆ ಬಾರದಿದ್ದರೆ ಈ ಇಬ್ಬರನ್ನು ನೋಡಿ. ಬನ್ನಿರಪ್ಪಾ, ವೇದಿಕೆಗೆ ಬನ್ನಿ.

(ಇಲ್ಲಿ ಇಬ್ಬರು ವಿದ್ಯಾರ್ಥಿಗಳು ಮೇಲೆ ಬಂದು ಮೂರು ಸಲ ಒಂದೇ ಕಪಾಳಮೋಕ್ಷವನ್ನು ಮಾಡಿ ತೋರಿಸಿದರು. ಮೊದಲ ಸಲ ಹೊಡೆಯುವವನು ಬಿರುಸಾಗಿ ಕೈ ಬೀಸಿದ, ಎದುರಿನವನು ಸುಮ್ಮನೆ ನಿಂತ. ಸಭೆ ನಕ್ಕಿತು. ಎರಡನೆಯ ಸಲ ಕೈ ಬರುವ ಮೊದಲೇ ಕತ್ತು ತಿರುಗಿತು. ಇನ್ನೂ ಜೋರಾಗಿ ನಕ್ಕಿತು. ಮೂರನೆಯ ಸಲ ಕೈ ಮೆಲ್ಲಗೇ ಬಂದಿತು, ಮುಖದಿಂದ ಮುಕ್ಕಾಲು ಅಡಿ ಆಚೆಯೇ ಹಾದುಹೋಯಿತು. ಆದರೆ ಸರಿಯಾದ ಗಳಿಗೆಯಲ್ಲಿ ಕತ್ತು ತಿರುಗಿತು, ಭುಜ ಅದರ ಹಿಂದೆ ಹೋಯಿತು, ಒಂದು ಹೆಜ್ಜೆ ತಪ್ಪಿತು. ಮುಂದಿನ ಸಾಲಿನ ಹೆಂಗಸೊಬ್ಬರು "ಅಯ್ಯೋ" ಎಂದರು.)

ಆ "ಅಯ್ಯೋ" ಬಂದದ್ದು ಯಾರಿಂದ? ಹೊಡೆದವನಿಂದಲ್ಲ. ಹೊಡೆದವನ ಕೈ ಮೂರೂ ಸಲ ಗಾಳಿಗೇ ಹೊಡೆಯಿತು. ಹುಡುಗರಿಗೆ ನಾನು ಕಟ್ಟಿಕೊಟ್ಟ ಸೂತ್ರ ಕಣ್ಣು, ಕೈ, ಕತ್ತು. ಮೊದಲು ಇಬ್ಬರ ಕಣ್ಣೂ ಕೂಡಬೇಕು. ಕಣ್ಣು ಕೂಡಿತೆಂದರೆ ನಾನು ಸಿದ್ಧ ಎಂದರ್ಥ. ಆಮೇಲೆ ಕೈ ಎತ್ತಿ ಹಿಂದಕ್ಕೆ ಹೋಗಬೇಕು. ಅದು ನೋಡುವವರಿಗೂ ಮುನ್ಸೂಚನೆ, ತಿನ್ನುವವನಿಗೂ ಎಚ್ಚರಿಕೆ. ಕೈ ಮುಖವನ್ನು ದಾಟುವ ಗಳಿಗೆಯಲ್ಲಿ ಕತ್ತು ತಿರುಗಬೇಕು. ಕಣ್ಣು ಕೂಡದಿದ್ದರೆ ಕೈ ಎತ್ತಲೇಬಾರದು. ಇದನ್ನು ಮೊದಲು ಕಾಲು ವೇಗದಲ್ಲಿ, ಆಮೇಲೆ ಅರ್ಧ ವೇಗದಲ್ಲಿ ಮಾಡಿ ಮಾಡಿ ರೂಢಿಸಿಕೊಂಡು, ಚಿತ್ರೀಕರಣದ ದಿನವೂ ಮುಕ್ಕಾಲು ವೇಗವನ್ನು ಮೀರದಂತೆ ನೋಡಿಕೊಂಡೆವು. ಪೂರ್ಣ ವೇಗ ಕ್ಯಾಮೆರಾಗೆ ಬೇಕಾಗಿಯೂ ಇಲ್ಲ. ಬಹಳ ಬೇಗ ಬೀಸಿದ ಕೈಯನ್ನು ಪರದೆಯ ಮೇಲೆ ಯಾರೂ ಕಾಣುವುದೇ ಇಲ್ಲ.

ಕೂದಲು ಹಿಡಿದು ಎಳೆಯುವ ಒಂದು ಶಾಟ್ ಇದೆ. ನೋಡಿದವರೆಲ್ಲ ಹಲ್ಲು ಕಚ್ಚುತ್ತಾರೆ. ಅದರಲ್ಲಿ ಎಳೆಯುವವನು ಎಳೆಯುವುದೇ ಇಲ್ಲ. ಅವನು ಮುಷ್ಟಿಯನ್ನು ತಲೆಯ ಮೇಲೆ ಇಡುತ್ತಾನೆ, ಅಷ್ಟೇ. ಎಳೆಸಿಕೊಳ್ಳುವವನು ನೋವಿನಿಂದ ಹಿಡಿದಂತೆ ತನ್ನ ಎರಡೂ ಕೈಯಿಂದ ಆ ಮಣಿಕಟ್ಟನ್ನು ತನ್ನ ತಲೆಗೇ ಒತ್ತಿ ಹಿಡಿದುಕೊಂಡು, ತಾನೇ ಬಾಗಿ, ತಾನೇ ನಡೆದು, ಎಳೆಯುವವನನ್ನೇ ಎಳೆದುಕೊಂಡು ಹೋಗುತ್ತಾನೆ. ಸಾಕೆನಿಸಿದರೆ ಕೈ ಬಿಟ್ಟರಾಯಿತು. ಕೊರಳಪಟ್ಟಿ ಹಿಡಿಯುವುದೂ, ಕುತ್ತಿಗೆ ಹಿಸುಕುವುದೂ ಹೀಗೆಯೇ: ಲಗಾಮು ಏಟು ತಿನ್ನುವವನ ಕೈಯಲ್ಲಿರಬೇಕು. ದೃಶ್ಯವನ್ನು ನಂಬಿಸುವವನೂ ಅವನೇ, ಕಾಯುವವನೂ ಅವನೇ.

ನಮ್ಮ ದೊಡ್ಡಾಟದವರಿಗೆ ಇದು ಹೊಸತಲ್ಲ. ಚಿಕ್ಕವನಿದ್ದಾಗ ರಾತ್ರಿಯಿಡೀ ಕುಳಿತು ನೋಡಿದ ಆಟಗಳಲ್ಲಿ ಕತ್ತಿಗಳು ಕಟ್ಟಿಗೆಯವು, ಮೇಲೆ ಬೇಗಡೆ ಹಚ್ಚಿದವು. ಒಂದು ಕತ್ತಿಯೂ ಇನ್ನೊಬ್ಬನ ಮೈಗೆ ತಾಗುತ್ತಿರಲಿಲ್ಲ. ಆದರೆ ಸೋಲುವ ವೇಷದವನು ಭುಜಕೀರ್ತಿ ಕುಲುಕಿಸಿ, ಅಟ್ಟದ ಹಲಗೆಯನ್ನು ಧಡ್ ಎಂದು ತುಳಿದು ಹಿಂದಕ್ಕೆ ಸರಿದರೆ, ಕಂಬಳಿ ಹೊದ್ದು ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದರು. ಆ ಹಲಗೆಯ ಸದ್ದೇ ಏಟಿನ ಸದ್ದು. ಚಿತ್ರಕ್ಕೆ ಬೇಕಾದ ಸದ್ದನ್ನು ಬೇರೆಯಾಗಿ ಮಾಡಿ ಸೇರಿಸುವುದಕ್ಕೆ ಸಿನಿಮಾದವರು ಫೋಲಿ ಎಂದು ಹೆಸರಿಟ್ಟಿದ್ದಾರೆ, ಅದನ್ನು ಇವರು ಕಾಲಿನಲ್ಲೇ ಮಾಡುತ್ತಿದ್ದರು.

ದೊಡ್ಡಾಟದವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಸಭೆ ಮೂರು ಕಡೆಯಿಂದ ನೋಡುತ್ತದೆ, ಕ್ಯಾಮೆರಾಗೆ ಒಂದೇ ಕಣ್ಣು. ಕ್ಯಾಮೆರಾ, ಬೀಸುವ ಕೈ, ತಿನ್ನುವವನ ಮುಖ, ಈ ಮೂರೂ ಒಂದೇ ದಾರದ ಮೇಲೆ ಬಂದರೆ ನಡುವಿನ ಮುಕ್ಕಾಲು ಅಡಿ ಮಾಯವಾಗುತ್ತದೆ. ಹೊಡೆಯುವವನ ಬೆನ್ನ ಹಿಂದೆ ಅಥವಾ ತಿನ್ನುವವನ ಬೆನ್ನ ಹಿಂದೆ ಕ್ಯಾಮೆರಾ ನಿಲ್ಲಿಸುವುದು ಅದಕ್ಕೆ. ಪಕ್ಕದಿಂದ ತೆಗೆದಿರೋ, ಆ ಸಂದಿನಲ್ಲಿ ಘಟಪ್ರಭೆಯೇ ಕಾಣುತ್ತದೆ! ನಾವು ಎರಡನೆಯ ದಿನ ಒಂದು ಶಾಟನ್ನು ಪಕ್ಕದಿಂದಲೇ ತೆಗೆದು, ಸಂಜೆ ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಕೈಗೂ ಕೆನ್ನೆಗೂ ನಡುವೆ ಒಂದು ಕೊಕ್ಕರೆ ಹಾರಿಹೋಯಿತು. ಮೊಬೈಲಿನ ಮಾಮೂಲಿ ಲೆನ್ಸು ಅಗಲ ನೋಟದ್ದು. ಹತ್ತಿರ ಹೋಗಿ ತೆಗೆದರೆ ಹಿಂದಿನದನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಹತ್ತಿರ ತರುವ ಲೆನ್ಸಿನಲ್ಲಿ ತೆಗೆದರೆ ಕೈ, ಮುಖ ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ.

ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ ಎಂದ ಮೇಲೆ ಅದು ಕೊನೆಯವರೆಗೂ ಹಾಗೆಯೇ ಇರಬೇಕು. ಇಬ್ಬರ ನಡುವೆ ಒಂದು ಗೆರೆ ಎಳೆದು, ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿ ಇರಬೇಕು. ದಾಟಿದರೆ ಯಾರು ಯಾರಿಗೆ ಹೊಡೆದರು ಎಂಬುದೇ ಗೊಂದಲ. ಇದು ಎಲ್ಲ ಪುಸ್ತಕದಲ್ಲೂ ಇದೆ. ಬಯಲಿನಲ್ಲಿ ಗೆರೆ ನಿಲ್ಲುವುದಿಲ್ಲ ಎಂಬುದು ಪುಸ್ತಕದಲ್ಲಿಲ್ಲ. ರಂಗೋಲಿ ಹಿಟ್ಟಿನಲ್ಲಿ ಎಳೆದೆವು, ಗಾಳಿ ಒರೆಸಿತು. ಬಾವಿ ಹಗ್ಗ ಹಾಸಿದೆವು, ಅದು ಶಾಟಿನಲ್ಲಿ ಬಂದಿತು. ಕೊನೆಗೆ ಒಂದು ಜಾಲಿ ಬೊಡ್ಡೆಯನ್ನು ಗುರುತು ಮಾಡಿಕೊಂಡು, ಅದು ಯಾವಾಗಲೂ ಅಣ್ಣನ ಬೆನ್ನ ಹಿಂದೆಯೇ ಇರಬೇಕು ಎಂದು ಗೊತ್ತು ಮಾಡಿದೆವು. ಸಿನಿಮಾದಲ್ಲಿ ಆ ಬೊಡ್ಡೆ ಅಣ್ಣನ ಪಾತ್ರದ ಒಂದು ಅಂಗದಂತೆಯೇ ಆಗಿಬಿಟ್ಟಿದೆ. ಅದರ ಅರ್ಥವೇನೆಂದು ಒಬ್ಬ ವಿಮರ್ಶಕರು ಬಹಳ ಹೊತ್ತು ವಿವರಿಸಿದರು. ನಾವು ತಲೆ ಅಲ್ಲಾಡಿಸುತ್ತ ಕೇಳಿದೆವು.

ಬಯಲಿನಲ್ಲಿ ದೊಡ್ಡ ಹಟಮಾರಿ ಸೂರ್ಯ. ಗಂಟೆಗೆ ಹದಿನೈದು ಡಿಗ್ರಿ ಸರಿಯುತ್ತಾನೆ. ಮೂರು ಸೆಕೆಂಡಿನಲ್ಲಿ ಮುಗಿಯುವ ಹೊಡೆತವನ್ನು ನಾಲ್ಕು ಕಡೆಯಿಂದ ತೆಗೆಯುವುದರಲ್ಲಿ ಮೂರು ಗಂಟೆ ಹೋಗುತ್ತದೆ. ಜೋಡಿಸಿ ನೋಡಿದರೆ ಕೈ ಎತ್ತುವಾಗ ಎಡಕ್ಕಿದ್ದ ನೆರಳು ಕೈ ಇಳಿಯುವಾಗ ಬಲಕ್ಕಿರುತ್ತದೆ. ಬಾಗಲಕೋಟೆಯಲ್ಲಿ ಮೇ ಮೊದಲ ವಾರದಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ನಿಲ್ಲುತ್ತಾನೆ, ನೆರಳು ಪಾದದ ಕೆಳಗೆ ಅಡಗುತ್ತದೆ. ಮಾರ್ಚಿನ ಕೊನೆಯಲ್ಲೂ ಅದರಿಂದ ಬಹಳ ದೂರವೇನಿಲ್ಲ: ಹನ್ನೊಂದರ ಮೇಲೆ ತೆಗೆದರೆ ಕಣ್ಣಿನ ಗುಳಿಗಳು ಕಪ್ಪಾಗಿ, ಮುಖ ತಲೆಬುರುಡೆಯಂತೆ ಕಾಣುತ್ತದೆ. ತಿನ್ನುವವನ ಮುಖ ಕಾಣದಿದ್ದರೆ ನಮ್ಮ ಹೊಡೆದಾಟವೇ ಇಲ್ಲವಲ್ಲ. ಹಾಗಾಗಿ ಬೆಳಗಿನ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಆರೂ ಕಾಲು, ಅಷ್ಟೇ ಕೆಲಸ. ಬೆಳಿಗ್ಗೆ ಅಣ್ಣನ ಮುಖ, ಸಂಜೆ ತಮ್ಮನ ಮುಖ. ಸೂರ್ಯ ಇಬ್ಬರ ಬೆನ್ನ ಹಿಂದೆ. ಎದುರಿಗೆ ಬಿಳಿ ಥರ್ಮಾಕೋಲು ಹಿಡಿದು ಬೆಳಕನ್ನು ಮುಖಕ್ಕೆ ಮರಳಿಸುವುದು. ಬೆನ್ನ ಹಿಂದಿನ ಬೆಳಕಿಗೆ ಎದ್ದ ಧೂಳು ಚಿನ್ನದ ಹುಡಿಯಂತೆ ಕಾಣುತ್ತದೆ, ಅದು ಲಾಭದ ಬಾಬ್ತು.

ಬಿಸಿಲಿನ ಇನ್ನೊಂದು ಉಪದ್ರವ ಶಟರ್, ಅಂದರೆ ಒಂದೊಂದು ಫ್ರೇಮಿಗೂ ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಹೊತ್ತು. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡ್ ಇದ್ದರೆ ಬೀಸಿದ ಕೈಗೆ ಕಣ್ಣಿಗೆ ಹಿತವಾಗುವಷ್ಟು ಮಸುಕು ಬರುತ್ತದೆ. ಬಿಸಿಲಿನಲ್ಲಿ ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಅದು 1/1000ಕ್ಕೂ ಮೇಲೆ ಓಡುತ್ತದೆ. ಕೈ ಜಾರದೆ ತುಂಡುತುಂಡಾಗಿ ಜಿಗಿದಂತೆ ಕಾಣುತ್ತದೆ. ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಲೆನ್ಸಿನ ಮುಂದೆ ಹಾಕಿ ಬೆಳಕು ಇಳಿಸಿಕೊಂಡೆವು. ತಮ್ಮನಿಗೆ ಸಿಟ್ಟು ನೆತ್ತಿಗೇರಿದ ಹತ್ತು ಸೆಕೆಂಡಿಗೆ ಮಾತ್ರ ಬೇಕೆಂದೇ 1/200 ಇಟ್ಟೆವು. ಅಲ್ಲಿ ಮಣ್ಣಿನ ಒಂದೊಂದು ಹೆಂಟೆಯೂ ಬಿಡಿಬಿಡಿಯಾಗಿ ಸಿಡಿಯುತ್ತದೆ.

ಒಂದು ಮಾತನ್ನು ನಗದೆ ಹೇಳುತ್ತೇನೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ಕನ್ನಡ ನಟರು ಮೇಲೆ ಬರಲಿಲ್ಲ. ಜಿಗಿದದ್ದನ್ನು ಕ್ಯಾಮೆರಾಗಳೆಲ್ಲ ಹಿಡಿದವು. ಎತ್ತಿಕೊಳ್ಳುವ ದೋಣಿ ಹೊತ್ತಿಗೆ ತಲುಪಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಚಿತ್ರೀಕರಣದಲ್ಲಿ ಹೈಟೆನ್ಷನ್ ತಂತಿಯ ವಿದ್ಯುತ್ ಹರಿದು ಸಾಹಸ ಕಲಾವಿದರೊಬ್ಬರು ಸತ್ತರು. ಅವರೆಲ್ಲ ಪಳಗಿದವರ ನಡುವೆ ಇದ್ದವರು. ನಮ್ಮ ಹುಡುಗರು ಹಿನ್ನೀರಿನೊಳಗೆ ಹೊಡೆದಾಡುವ ಶಾಟ್ ಬರೆದಿದ್ದರು. ಮೊಣಕಾಲು ಮಟ್ಟದ ನೀರು ತಾನೇ ಎಂದರು. ಹಿನ್ನೀರಿನ ತಳದಲ್ಲಿ ಹಳೆಯ ಬಾವಿ ಎಲ್ಲಿದೆ, ಹೂಳು ಎಷ್ಟಿದೆ, ಯಾರು ಬಲ್ಲರು? ಆ ಹಾಳೆಯನ್ನು ನಾನೇ ಹರಿದೆ. ಅವರು ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಇನ್ನು ಕೌದಿಯ ವಿಷಯ. ಗರಡಿಯ ಮಣ್ಣಿನಲ್ಲಿ ಬೀಳಲು ಕಲಿತದ್ದೇನೋ ಸರಿ, ಎರೆ ಹೆಂಟೆ ಕಲ್ಲಿಗೆ ಸಮ. ಸಿನಿಮಾದವರ ಮೆತ್ತೆ ತರಿಸಲು ಹಣವಿಲ್ಲ. ಆರು ಅಡಿಗೆ ಎಂಟು ಅಡಿ ಜಾಗದ ಬಿರುಕುಗಳನ್ನು ಮುಚ್ಚಿ, ಹೆಂಟೆ ಒಡೆದು, ಶೇಂಗಾ ಹೊಟ್ಟು ತುಂಬಿದ ಚೀಲಗಳನ್ನು ಒತ್ತಾಗಿ ಹಾಸಿದೆವು. ಅದರ ಮೇಲೆ ಐದು ಕೌದಿ. ಕೌದಿಯ ಮೇಲೆ ಜರಡಿ ಹಿಡಿದ ಎರೆಮಣ್ಣು ಎರಡು ಬೆರಳು ದಪ್ಪ, ಅಂಚಿನಲ್ಲಿ ಮಾತ್ರ ನಿಜವಾದ ಹೆಂಟೆಗಳು. ದೂರದ ಶಾಟುಗಳನ್ನು ಎಲ್ಲಿ ಬೇಕಾದರೂ ತೆಗೆದೆವು. ಬೀಳುವುದು ಮಾತ್ರ ಪ್ರತಿ ಸಲವೂ ಆ ಆರಕ್ಕೆ ಎಂಟರಲ್ಲಿ. ಕೌದಿಗಳು ಒಬ್ಬ ಹುಡುಗಿಯ ಮನೆಯಿಂದ ಬಂದವು. ಅವಳ ಆಯಿ ಹೊಲಿದವು. ಇಳಕಲ್ ಸೀರೆಯ ಹಳೆಯ ತುಂಡು, ಗುಳೇದಗುಡ್ಡದ ಖಣದ ಚೂರು, ಸತ್ತ ಅಜ್ಜನ ಧೋತರ ಎಲ್ಲ ಸೇರಿದ್ದವು. "ಏತಕ್ಕೆ?" ಎಂದು ಆಯಿ ಕೇಳಿದ್ದಕ್ಕೆ ಅವಳು "ಸಿನಿಮಾಕ್ಕೆ" ಎಂದಷ್ಟೇ ಹೇಳಿ ತಂದಿದ್ದಳು.

ರಕ್ತ ಮೊದಲ ದಿನವೇ ಸೋತಿತ್ತು. ಮುಧೋಳದ ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಬೆರೆಸಿದ್ದರು; ಹತ್ತು ನಿಮಿಷದಲ್ಲಿ ಬಯಲಿನ ನೊಣಗಳಿಗೆಲ್ಲ ಸುದ್ದಿ ಮುಟ್ಟಿತು. ಅರಿಸಿನಕ್ಕೆ ಸುಣ್ಣ ಕಲೆಸಿ ಓಕುಳಿ ಮಾಡೋಣ ಎಂದ ಒಬ್ಬ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ, ಅದು ಬೇಡವೇ ಬೇಡ. ಕೊನೆಗೆ ಜೋಳದ ಹಿಟ್ಟಿನ ತೆಳು ಗಂಜಿಗೆ ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕಾಫಿ ಪುಡಿ. ಆದರೆ ಅಂತಿಮವಾಗಿ ರಕ್ತ ಇದ್ದ ಎಲ್ಲ ಶಾಟುಗಳನ್ನೂ ಸಂಕಲನದಲ್ಲಿ ಕಿತ್ತೊಗೆದೆವು. ರಕ್ತಕ್ಕಿಂತ ಹರಿದ ಅಂಗಿಯ ಗುಂಡಿಯೇ ಹೆಚ್ಚು ನೋಯಿಸುತ್ತಿತ್ತು.

ಸದ್ದನ್ನು ಮನೆಯಲ್ಲಿ ಮಾಡಿದೆವು. ಬಯಲಿನ ಗಾಳಿಗೆ ಮೈಕಿನ ಮೇಲೆ ಕುರಿಯ ಉಣ್ಣೆ ಸುತ್ತಿ ಉಸಿರಾಟವನ್ನಷ್ಟೇ ಹಿಡಿದುಕೊಂಡು ಬಂದಿದ್ದೆವು. ನಿಜವಾದ ಕಪಾಳಮೋಕ್ಷದ ಸದ್ದು ಬಹಳ ಬಡವಾದದ್ದು, ಚಪ್ ಎನ್ನುತ್ತದೆ ಅಷ್ಟೇ. ಒದ್ದೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು, ಅದರೊಡನೆ ಚರ್ಮದ ಚಪ್ಪಲಿಯ ಒಂದು ಪೆಟ್ಟು ಸೇರಿಸಿದಾಗ ಕೆನ್ನೆಗೆ ತೂಕ ಬಂದಿತು. ತಮ್ಮ ನೆಲಕ್ಕೆ ಬೀಳುವಾಗಿನ ಸದ್ದು ಗರಡಿಯಿಂದಲೇ ತಂದದ್ದು, ಬೆಳಗಿನ ನಾಲ್ಕೂವರೆಯ ದಪ್. ಅದರಡಿಯಲ್ಲಿ ಒಣಗಿದ ಜೋಳದ ದಂಟನ್ನು ಮುರಿದ ಲಟಕ್ ಎಂಬ ಸದ್ದು ಸಣ್ಣಗೆ ಇದೆ. ಯಾರ ಕಿವಿಗೂ ಬೇರೆಯಾಗಿ ಬೀಳುವುದಿಲ್ಲ, ಎಲ್ಲರ ಬೆನ್ನಿಗೂ ತಾಗುತ್ತದೆ. ಸಂಕಲನ ಮಾಡಿದ ಹುಡುಗಿ ಇನ್ನೊಂದು ಚಮತ್ಕಾರ ಮಾಡಿದಳು: ಕೈ ಮುಖವನ್ನು ಮುಟ್ಟುವ ಮೊದಲಿನ ಎರಡು ಫ್ರೇಮುಗಳನ್ನು ತೆಗೆದುಹಾಕಿದಳು. ಮುಕ್ಕಾಲು ವೇಗದ ಕೈ ಅಷ್ಟಕ್ಕೇ ಸಿಡಿಲಾಯಿತು.

ಆ ಒಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಈಗ ಉಳಿದಿರುವುದು ಒಂದು ನೂಕು, ಒಂದು ಕಪಾಳಮೋಕ್ಷ, ಕೂದಲು ಹಿಡಿದು ಎಳೆದಾಟ, ಕೊನೆಗೆ ಅಣ್ಣ ಹಾಕುವ ಒಂದೇ ಒಂದು ಪಟ್ಟು. ಕಪಾಳಕ್ಕೆ ಬಿದ್ದಾಗ ಅಣ್ಣನ ಬಿಳಿಯ ಟೊಪ್ಪಿಗೆ ಹಾರಿ ಹೆಂಟೆಗಳ ನಡುವೆ ಬೀಳುತ್ತದೆ. ನಮ್ಮ ಕಡೆ ಹಿರಿಯನ ಟೊಪ್ಪಿಗೆ ಬೀಳಿಸುವುದೆಂದರೆ ಏನೆಂದು ನಿಮಗೆ ಹೇಳಬೇಕೇ? ಹಾಳೆಯಲ್ಲಿ ಬರೆದಿದ್ದುದು "ಅಣ್ಣ ಸಿಂಹದಂತೆ ಎರಗುತ್ತಾನೆ" ಎಂದು. ಆದರೆ ಗರಡಿಯಲ್ಲಿ ಎರಡು ವಾರ ಬಿದ್ದು ಬಿದ್ದು ಪಳಗಿದ್ದ ಆ ಹುಡುಗ ಅವತ್ತು ಎರಗಲಿಲ್ಲ. ಕತ್ತು ತಿರುಗಿದಲ್ಲೇ ಇಟ್ಟುಕೊಂಡು ಒಂದು ಉಸಿರು ನಿಂತ. ಬಗ್ಗಿದ. ಟೊಪ್ಪಿಗೆ ಎತ್ತಿಕೊಂಡು, ಮೊಣಕಾಲಿಗೆ ಎರಡು ಸಲ ಬಡಿದು ಧೂಳು ಕೊಡವಿದ. ಮಡಿಕೆಯನ್ನು ಬೆರಳಿನಿಂದ ತೀಡಿ ಸರಿಮಾಡಿ ತಲೆಗೆ ಇಟ್ಟುಕೊಂಡ. ಎದುರಿಗಿದ್ದ ತಮ್ಮನಿಗೆ ಮುಂದೇನು ಮಾಡಬೇಕೆಂದು ತಿಳಿಯದೆ, ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು. ನಿರ್ದೇಶಕ ಕಟ್ ಎನ್ನಲು ಬಾಯಿ ತೆರೆದವನು ಎನ್ನಲಿಲ್ಲ. ಹನ್ನೊಂದು ಸೆಕೆಂಡ್ ಯಾರೂ ಯಾರಿಗೂ ಹೊಡೆಯುವುದಿಲ್ಲ. ಇಡೀ ಹೊಡೆದಾಟದಲ್ಲಿ ಜನ ಉಸಿರು ಹಿಡಿದು ನೋಡುವುದು ಆ ಹನ್ನೊಂದು ಸೆಕೆಂಡನ್ನೇ.

ಪ್ರದರ್ಶನದ ದಿನ ಕೌದಿಯ ಆಯಿಯನ್ನೂ ಕರೆದುಕೊಂಡು ಬಂದಿದ್ದರು. ಎರಡು ಸಲ ಒಗೆದರೂ ಎರೆಮಣ್ಣಿನ ಕಲೆ ಹೋಗದ ಐದು ಕೌದಿಗಳನ್ನು ಅವರು ಅಷ್ಟರಲ್ಲಿ ನೋಡಿಯಾಗಿತ್ತು. ಮುಂದಿನ ಸಾಲಿನಲ್ಲಿ ಕುಳಿತು ಹದಿನಾಲ್ಕು ನಿಮಿಷವೂ ಕಣ್ಣು ಮಿಟುಕಿಸದೆ ನೋಡಿದರು. ಅಣ್ಣ ತಮ್ಮನನ್ನು ಎತ್ತಿ ಒಗೆದಾಗ "ಶಿವಶಿವಾ" ಎಂದರು. ದೀಪ ಹತ್ತಿದ ಮೇಲೆ ಮೊಮ್ಮಗಳ ತೋಳು ಹಿಡಿದು ಕೇಳಿದರು: "ಎಲ್ಲ ಸರಿ, ನನ್ನ ಕೌದಿ ಎಲ್ಲಿ ಬಂದವು?"

"ಅವನು ಬಿದ್ದನಲ್ಲ ಆಯಿ, ಅಲ್ಲೇ ಕೆಳಗಿದ್ದವು."

ಆಯಿ ಆ ಹುಡುಗನನ್ನು ಹತ್ತಿರ ಕರೆದು, ಬೆನ್ನು ತಿರುಗಿಸಿ ನಿಲ್ಲಿಸಿ, ಅಂಗಿಯ ಮೇಲಿಂದಲೇ ಎರಡೂ ಭುಜಗಳನ್ನು ಒತ್ತಿ ಒತ್ತಿ ನೋಡಿದರು. "ನೋವಾಗಲಿಲ್ಲವೇ?" ಎಂದರು. ಇಲ್ಲ ಎಂದ. "ಹಾಗಾದರೆ ಇರಲಿ ಬಿಡು" ಎಂದು ಚಪ್ಪಲಿ ಹುಡುಕತೊಡಗಿದರು.